ವಜ್ರದ ಕಟ್ಟಿನ ರಾಜಭಾವಚಿತ್ರ: ಚಿತ್ರ, ಕಟ್ಟು ಎರಡೂ ಒಂದೇ ಕಾಲದವೇ?

ಪದಕಪ್ರಿಯ (ಪ್ರಶ್ನೆ):
ದಂತದ ಮೇಲೆ ಬರೆದ ಅಂಡಾಕಾರದ ಭಾವಚಿತ್ರ, ಎತ್ತರ ಸುಮಾರು 4 ಸೆಂ.ಮೀ. ಸುತ್ತ ಒಂದು ಸಾಲು ವಜ್ರ, ನೆತ್ತಿಯಲ್ಲಿ ಕಿರೀಟ, ಬೆನ್ನು ಮುಚ್ಚಿದ ಬೆಳ್ಳಿ ಕಟ್ಟು. 18ನೇ ಶತಮಾನದ್ದು, ಯೂರೋಪಿನ ಅರಸು ಮನೆತನದ ಉಡುಗೊರೆ ಎಂಬ ವಿವರಣೆ ಜೊತೆಗಿದೆ. ಇದನ್ನು ನಂಬುವ ಮೊದಲು ಏನೇನು ನೋಡಬೇಕು? ಇನ್ನೊಂದು: ಗಾಜಿನ ಒಳಮೈಗೆ ಮಂಜು ಕವಿದಂತಿದೆ, ಅಂಚಿನಲ್ಲಿ ಸಣ್ಣ ಹನಿಗಳೂ ಕಾಣುತ್ತವೆ. ಬಿಚ್ಚಿ ಒರೆಸಬಹುದೇ?

ಹರಳುಕಟ್ಟು:
ಎರಡನೆಯದಕ್ಕೆ ಮೊದಲು ಉತ್ತರ: ಬಿಚ್ಚಬೇಡಿ. ಅದರ ವಿವರವನ್ನು ಬಣ್ಣದ ಕೆಲಸ ಬಲ್ಲವರು ಹೇಳಲಿ, ನಾನು ಕಟ್ಟಿನ ಮಾತಾಡುತ್ತೇನೆ.

ಚಿತ್ರ, ಕಟ್ಟು ಬೇರೆಬೇರೆ ಎಂದೇ ಹಿಡಿದು ಹೊರಡಿ. ಅವು ಹುಟ್ಟಾ ಜೊತೆ ಎಂಬುದಕ್ಕೆ ಸಾಕ್ಷಿ ಸಿಕ್ಕರೆ ಆಮೇಲೆ ಒಪ್ಪಿಕೊಳ್ಳಿ. ಫ್ರಾನ್ಸಿನ 14ನೇ ಲೂಯಿ ರಾಯಭಾರಿಗಳಿಗೂ ಬೇಕಾದವರಿಗೂ ತನ್ನ ಮುಖದ ಚಿತ್ರವನ್ನು ವಜ್ರ ಕಟ್ಟಿಸಿ ನೂರಾರು ಸಂಖ್ಯೆಯಲ್ಲಿ ಕೊಟ್ಟ. ವಜ್ರಸಮೇತ ಉಳಿದಿರುವವು ಬೆರಳೆಣಿಕೆಯಷ್ಟು. ಅದರಲ್ಲೊಂದು ಲೂವ್ರ್ ಸಂಗ್ರಹಾಲಯದಲ್ಲಿದೆ. ಉಳಿದವರೆಲ್ಲ ಹರಳು ಕಿತ್ತು ಮಾರಿಕೊಂಡರು. ದೊರೆಯ ಮುಖವನ್ನು ಮಾರಿದರೆ ಅವಮಾನ, ವಜ್ರವನ್ನು ಮಾರಿದರೆ ದುಡ್ಡು! ಹಾಗಾಗಿ ಬೋಳು ಚಿತ್ರಗಳು ಬೇಕಾದಷ್ಟು ಉಳಿದವು, ಅವಕ್ಕೆ ಹೊಸ ಕಟ್ಟು ಹಾಕುವುದೂ ನಡೆಯಿತು.

10 ಪಟ್ಟಿನ ಮಸೂರ ಹಿಡಿದು ಹೀಗೆ ನೋಡಿ. ಮೊದಲು ಹರಳಿನ ಕೊರೆತ. ಮೇಲೆ ಚಪ್ಪಟೆ ಮೇಜಿನಂಥ ಮುಖ, ಅಥವಾ ಅಡಿ ಚಪ್ಪಟೆಯಾಗಿ ಮೇಲೆ ಗುಮ್ಮಟದಂತೆ ಎದ್ದ ರೋಸ್ ಕಟ್ ಇದ್ದರೆ ಹಳೆಯ ಬಗೆ. ದಿಂಬಿನಾಕಾರದ ಹಳೆಯ ಬ್ರಿಲಿಯಂಟ್ (ಮೇಲೂ ಕೆಳಗೂ ಹಲವು ಮುಖ ಕೊರೆದದ್ದು) 18ನೇ ಶತಮಾನಕ್ಕೆ ಹೊಂದುತ್ತದೆ. ಎಲ್ಲ ಹರಳೂ ಅಚ್ಚುಕಟ್ಟಾಗಿ ದುಂಡಗಿದ್ದು ಒಂದರಂತೆ ಒಂದಿದ್ದರೆ ಅದು ಬಹುಮಟ್ಟಿಗೆ 20ನೇ ಶತಮಾನದ ಕೆಲಸ. ಒಂದೇ ಸಾಲಿನಲ್ಲಿ ಎರಡು ಬಗೆಯ ಕೊರೆತ ಬಂದರೆ ಉದುರಿದ್ದನ್ನು ತುಂಬಿದ್ದಾರೆ. ಅದೇನೂ ದೊಡ್ಡ ದೋಷವಲ್ಲ.

ಹರಳು ಕೂರುವ ಮುಚ್ಚಿದ ಬೆನ್ನಿನ ಮನೆಗಳಲ್ಲಿ ಹರಳಿನ ಅಡಿಗೆ ಬೇಗಡೆ (ಹೊಳೆಯುವ ತೆಳು ಲೋಹದ ಹಾಳೆ) ಇರುತ್ತದೆ. ನೀರು ಒಳಹೊಕ್ಕರೆ ಬೇಗಡೆ ಕಪ್ಪಾಗಿ, ವಜ್ರ ಸತ್ತ ಮೀನಿನ ಕಣ್ಣಿನಂತೆ ಕಾಣುತ್ತದೆ. ಆದ್ದರಿಂದ ಅಲ್ಟ್ರಾಸಾನಿಕ್ ತೊಟ್ಟಿ, ಸೋಪಿನ ನೀರು, ಆವಿ ಯಾವುದೂ ಬೇಡ.

ಮುಖ್ಯ ಸಾಕ್ಷಿ ಇರುವುದು ಒಳಅಂಚಿನಲ್ಲಿ. ದಂತದ ಹಾಳೆ ತನ್ನ ಕಟ್ಟಿನಲ್ಲಿ ಸಡಿಲವಿಲ್ಲದೆ ಕೂರುತ್ತದೆ. ಭುಜದ ಗೆರೆ ಅಥವಾ ಹಿನ್ನೆಲೆಯ ಕುಂಚದ ಎಳೆ ಅಂಚಿನಲ್ಲಿ ತಟ್ಟನೆ ಕಡಿದಿದ್ದರೆ ಬೇರೆ ಕಟ್ಟಿಗಾಗಿ ಚಿತ್ರವನ್ನು ಕತ್ತರಿಸಿದ್ದಾರೆ. ಸಂದಿಗೆ ಕಾಗದದ ಚೂರು ತುರುಕಿದ್ದರೂ ಅದೇ ಅರ್ಥ. ಎಡಬಲದಲ್ಲಿ ಅರದಿಂದ ಉಜ್ಜಿದ ಗುರುತು ಇದೆಯೇ ನೋಡಿ. ಇದ್ದರೆ ಅದು ಮೊದಲು ಕೈಬಳೆಯ ಕೊಂಡಿಯಾಗಿದ್ದು ಆಮೇಲೆ ಪದಕವೋ ಬ್ರೂಚೋ ಆಗಿರಬಹುದು. ಇಂಗ್ಲೆಂಡಿನ 3ನೇ ಜಾರ್ಜ್ 1761ರಲ್ಲಿ ಮದುವೆಯಾಗಲಿದ್ದ ಷಾರ್ಲೆಟ್‌ಗೆ ಕೊಟ್ಟ ತನ್ನ ಚಿತ್ರವೂ ಮುತ್ತಿನ ಕೈಬಳೆಯಲ್ಲಿ ಕೂತಿತ್ತು. ಬೆನ್ನಲ್ಲಿ ಬೂದು ಬಣ್ಣದ ಸೀಸದ ಬೆಸುಗೆ ಕಂಡರೆ ಅದು ಕಳಪೆ ರಿಪೇರಿ. ಅದನ್ನು ಕಾಯಿಸಿ ಸರಿಮಾಡಲು ಹೋದರೆ ದಂತವೂ ಹೋಗುತ್ತದೆ.

ದಂತಪಟ:
ಆ ಹನಿ ನೀರಲ್ಲ, ಗಾಜಿನ ಬೆವರು. ಹಳೆಯ ಗಾಜಿನಲ್ಲಿ ಸೋಡಾ ಅಥವಾ ಪೊಟ್ಯಾಷ್ ಹೆಚ್ಚಿದ್ದು ಸುಣ್ಣ ಕಡಿಮೆ ಬಿದ್ದಿದ್ದರೆ, ಗಾಳಿಯ ತೇವಕ್ಕೆ ಕ್ಷಾರ ಹೊರಗೆ ಜಿನುಗುತ್ತದೆ. ಹನಿ ಬಣ್ಣದ ಮೇಲೆ ಬಿದ್ದರೆ ಅಲ್ಲಿ ಕಲೆ ಏಳುತ್ತದೆ.

ಈಗ ಮಾಡಬೇಕಾದದ್ದು ಇಷ್ಟೇ. ಇರುವ ಭಂಗಿಯಲ್ಲೇ, ಅಲುಗಿಸದೆ ಇಡಿ. ಕೋಣೆಯ ತೇವಾಂಶ 50–55% ಇರಲಿ, ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ. ಬೇಗ ಒಣಗಲಿ ಎಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕುವವರಿದ್ದಾರೆ. ಆಗ ದಂತ ಕುಗ್ಗಿ ಎಳೆಯ ಉದ್ದಕ್ಕೂ ಸೀಳುತ್ತದೆ. ದಂತದ ಹಾಳೆ ಒಂದು ಮಿ.ಮೀ.ಗಿಂತ ತೆಳು, ಹಿಂದೆ ರಟ್ಟಿಗೆ ಅಂಟಿಸಿರುತ್ತಾರೆ. ರಟ್ಟು ಒಂದು ರೀತಿ ಹಿಗ್ಗಿದರೆ ದಂತ ಇನ್ನೊಂದು ರೀತಿ ಹಿಗ್ಗುತ್ತದೆ.

ಸಂರಕ್ಷಕರು ಕಟ್ಟಿನ ತುಟಿಯನ್ನು ಮೆಲ್ಲನೆ ಎತ್ತಿ, ಗಾಜು ದಂತಗಳ ಅಂಚಿಗೆ ಸುತ್ತಿದ ತೆಳುಪೊರೆಯನ್ನು ಕತ್ತರಿಸಿ ಗಾಜು ಬಿಡಿಸುತ್ತಾರೆ. ಬೆವರುವ ಗಾಜನ್ನು ತೊಳೆದು ಮತ್ತೆ ಹಾಕಿದರೆ ಪುನಃ ಬೆವರುತ್ತದೆ. ಅಷ್ಟೇ ಉಬ್ಬಿನ ಹೊಸ ಗಾಜು ಹಾಕುವುದೇ ಮೇಲು. ಉಬ್ಬು ಕಡಿಮೆಯಾದರೆ ಗಾಜು ಬಣ್ಣಕ್ಕೆ ತಾಗುತ್ತದೆ. ಹಳೆಯ ಗಾಜನ್ನು ಎಸೆಯದೆ ಚೀಟಿ ಬರೆದು ತೆಗೆದಿಡಿ.

ಬಣ್ಣಕ್ಕೆ ನೀರು, ಎಂಜಲು, ಸ್ಪಿರಿಟ್ ಏನೂ ಸೋಕಬಾರದು. ಅರೇಬಿಕ್ ಗೋಂದಿಗೆ ಒಂದಿಷ್ಟು ಕಲ್ಲುಸಕ್ಕರೆ ಸೇರಿಸಿ ಕಲಸಿದ ಬಣ್ಣ ಅದು, ಇವತ್ತಿಗೂ ಕರಗುತ್ತದೆ. ಒದ್ದೆ ಹತ್ತಿಯ ಒಂದು ಸವರಿಗೆ ಕೆನ್ನೆಯ ಕೆಂಪು ಹತ್ತಿಗೆ ಬಂದುಬಿಡುತ್ತದೆ.

ಇನ್ನೊಂದು ಮೋಸ ಹೋಗುವ ಜಾಗ: ಮುಖ ಹೊಳೆಯಲಿ ಎಂದು ದಂತದ ಹಿಂದೆ, ಮುಖದ ಅಳತೆಗೆ ಮಾತ್ರ ಬೆಳ್ಳಿಯ ಬೇಗಡೆ ಇಡುತ್ತಿದ್ದರು. ಅದು ಕಪ್ಪಾದರೆ ಮುಖ ಮಂಕಾಗುತ್ತದೆ, ಜನ ಕೊಳೆ ಎಂದು ಮುಂದುಗಡೆ ಉಜ್ಜುತ್ತಾರೆ. ದಂತಕ್ಕೂ ಹಿಂದಿನ ಚಿತ್ರಗಳಲ್ಲಿ ಕಥೆ ಬೇರೆ. ಅವು ಇಸ್ಪೀಟು ಎಲೆಗೆ ಅಂಟಿಸಿದ ಚರ್ಮಪತ್ರದ ಮೇಲಿನವು. 16ನೇ ಶತಮಾನದ ಇಂಗ್ಲಿಷ್ ಕಿರುಚಿತ್ರಕಾರ ನಿಕೋಲಸ್ ಹಿಲಿಯರ್ಡ್ ಮಾಣಿಕ್ಯ ಬರೆಯಲು ಬೆಳ್ಳಿಯ ಬಣ್ಣವನ್ನು ಪ್ರಾಣಿಯ ಹಲ್ಲಿನಿಂದ ತಿಕ್ಕಿ ಮಿರುಗಿಸಿ, ಮೇಲೆ ಕೆಂಪು ರಾಳದ ಹನಿ ಬಿಡುತ್ತಿದ್ದ. ಆ ಬೆಳ್ಳಿ ಎಷ್ಟೋ ಕಡೆ ಈಗ ಕಪ್ಪುಚುಕ್ಕೆ. ಅದನ್ನು ಕೆರೆದರೆ ಒಡವೆಯೇ ಹೋದಂತೆ.

ಅರಮನೆಕಡತ:
ಹರಳುಕಟ್ಟು ಅವರ ಮಾತಿಗೆ ಒಂದು ಸೇರ್ಪಡೆ. ಮುಚ್ಚಿದ ಬೆನ್ನು ಕಂಡಕೂಡಲೇ ಹಳೆಯದು ಎನ್ನಬೇಡಿ, 19ನೇ ಶತಮಾನದ ನಕಲುಗಳಲ್ಲೂ ಬೇಕೆಂದೇ ಹಾಗೆ ಕಟ್ಟಿದ್ದಾರೆ. ಕಿರೀಟವಂತೂ ಸಾಕ್ಷಿಯೇ ಅಲ್ಲ, ಅದನ್ನು ಯಾವಾಗ ಬೇಕಾದರೂ ಬೆಸೆಯಬಹುದು.

ಗಟ್ಟಿ ಸಾಕ್ಷಿ ಎಂದರೆ ಅದನ್ನು ತೊಟ್ಟವರ ಚಿತ್ರ. ಇಂಗ್ಲೆಂಡಿನ ದೊರೆ 1ನೇ ಜೇಮ್ಸ್ ಥಾಮಸ್ ಲೈಟ್ ಎಂಬವನಿಗೆ ಕೊಟ್ಟ ಪದಕ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲೈಟ್ ಅದನ್ನು ಕೊರಳಿಗೆ ಹಾಕಿಕೊಂಡಿರುವ 1611ರ ಭಾವಚಿತ್ರವೂ ಉಳಿದಿದೆ. ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್‌ನ ಪದಕವೂ 1591ರ ಅವನ ಚಿತ್ರದಲ್ಲಿ ಸೊಂಟದ ಹತ್ತಿರ ತೂಗುತ್ತದೆ. ಕಾಗದದ ಸಾಕ್ಷಿಯೂ ನಡೆಯುತ್ತದೆ: ಜಹಾಂಗೀರ್ ಚಿನ್ನದ ಸರಿಗೆ ಸರಕ್ಕೆ ಕಟ್ಟಿದ ತನ್ನ ಚಿತ್ರವನ್ನು 1616ರಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋಗೆ ಕೊಟ್ಟದ್ದು ರೋನ ದಿನಚರಿಯಲ್ಲಿದೆ, ಕೆಳಗೆ ತೂಗುತ್ತಿದ್ದ ಮುತ್ತು ಅಷ್ಟೇನೂ ಚೆನ್ನಾಗಿರಲಿಲ್ಲ ಎಂಬ ಗೊಣಗಾಟದ ಸಮೇತ.

ಪದಕಪ್ರಿಯ:
ಧನ್ಯವಾದಗಳು. ಬಿಚ್ಚುವುದಿಲ್ಲ. ಆದರೆ ಅದು ದಂತವೇ ಎಂದು ಗಾಜಿನ ಹೊರಗಿನಿಂದಲೇ ತಿಳಿಯಬಹುದೇ?

ದಂತಪಟ:
ಒಂದು ಮಟ್ಟಿಗೆ. ಓರೆ ಬೆಳಕಿನಲ್ಲಿ, ಬಣ್ಣ ತೆಳುವಾಗಿರುವ ಕಡೆ ದಂತದ ಎಳೆ ಸಮವಿಲ್ಲದ ಅಲೆಯಂತೆ ಕಾಣುತ್ತದೆ. ದಂತದಂತೆ ಕಾಣುವ ಹಳೆಯ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡ್‌ನಲ್ಲಿ ಗೆರೆ ಇದ್ದರೆ ಅಚ್ಚು ಹೊಡೆದಂತೆ ಸಾಲಾಗಿರುತ್ತದೆ. ಮುಖದ ನೆರಳಿನ ಭಾಗವನ್ನು ಮಸೂರದಲ್ಲಿ ನೋಡಿ. ಕೈಕೆಲಸವಾದರೆ ಸಣ್ಣ ಗೆರೆ, ಚುಕ್ಕೆಗಳು ಅಂಕುಡೊಂಕಾಗಿರುತ್ತವೆ. ಜಾಲರಿಯಂತೆ ಒಂದೇ ಅಂತರದ ಚುಕ್ಕೆಗಳಿದ್ದರೆ ಅದು ಮುದ್ರಣ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಬೇಡ, ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಅರಮನೆಕಡತ:
ದಂತವೇ ಆಗಿದ್ದು ಬ್ರಿಟನ್ನಿನಲ್ಲಿ ಕೊಡುಕೊಳ್ಳುವುದಾದರೆ ಅಲ್ಲಿನ 2018ರ ದಂತ ಕಾಯ್ದೆ ಅನ್ವಯಿಸುತ್ತದೆ. 1918ಕ್ಕೆ ಮೊದಲಿನ, 320 ಚದರ ಸೆಂ.ಮೀ. ಮೀರದ ಕಿರುಭಾವಚಿತ್ರಕ್ಕೆ ವಿನಾಯಿತಿ ಉಂಟು, ಆದರೆ ಮಾರುವ ಮೊದಲು ನೋಂದಣಿ ಆಗಲೇಬೇಕು. ಅಳತೆ ಹಾಕುವುದು ಚಿತ್ರದ ಮೇಲ್ಮೈಗೆ, ಕಟ್ಟನ್ನು ಸೇರಿಸಬೇಡಿ. ಅಲ್ಲಿನ ಅರಮನೆಯೇ ದಂತ ಬಿಟ್ಟಿದೆ: ರಾಜಕುಟುಂಬದ ಸ್ತ್ರೀಯರು ಎಡಭುಜಕ್ಕೆ ರೇಷ್ಮೆ ಪಟ್ಟಿಯ ಗಂಟಿನಲ್ಲಿ ಧರಿಸುವ, ದೊರೆ 3ನೇ ಚಾರ್ಲ್ಸ್‌ನ ವಜ್ರದ ಸುತ್ತಿನ ಚಿತ್ರವನ್ನು ಬರೆದಿರುವುದು ದಂತಕ್ಕೆ ಬದಲಾದ ಕೃತಕ ಹಾಳೆಯ ಮೇಲೆ.