ಮಗಳು ಕಾಕ್ಸ್, ಮೊದಲ ಸಲ ಸ್ಟೋಟ್ಸ್‌ಬರಿಗೆ ಹೊರಟಿದ್ದೇವೆ. ಏನೇನು ತಯಾರಿ ಬೇಕು?

ಗಂಗೊಳ್ಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಉತ್ತರ ವರ್ಜೀನಿಯಾದಲ್ಲಿ. ಮಗಳು ಒಂಬತ್ತನೇ ಕ್ಲಾಸು. ಈ ವರ್ಷ ಶಾಲೆಯ ರೋಯಿಂಗ್ ತಂಡಕ್ಕೆ ಸೇರಿದಳು. ಆಳು ಗಿಡ್ಡ, ಗಂಟಲು ದೊಡ್ಡದು. ಮೊದಲ ವಾರವೇ ಕೋಚ್ ಅವಳನ್ನು ಕಾಕ್ಸ್ ಮಾಡಿಬಿಟ್ಟರು. ಅಂದರೆ ಹುಟ್ಟು ಹಾಕುವ ಎಂಟು ಹುಡುಗಿಯರ ಎದುರು ಕೂತು ಚುಕ್ಕಾಣಿ ನೋಡಿಕೊಳ್ಳುವುದು, ಮತ್ತೆ ಕೂಗುವುದು. ಕೂಗುವ ಕೆಲಸ ಮನೆಯಲ್ಲಿ ಮೊದಲಿಂದಲೂ ಅಭ್ಯಾಸ ಇತ್ತು ಬಿಡಿ.

ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಟೋಟ್ಸ್‌ಬರಿ ಕಪ್ ಅಂತ ಹೈಸ್ಕೂಲ್ ಮಕ್ಕಳ ದೋಣಿ ಸ್ಪರ್ಧೆ ಇದೆ. ಶುಕ್ರವಾರ, ಶನಿವಾರ ಎರಡು ದಿನ. ಅವಳು ಫ್ರೆಶ್‌ಮನ್, ಅಂದರೆ ಒಂಬತ್ತನೇ ಕ್ಲಾಸಿನ ಹುಡುಗಿಯರ ಎಂಟರ ದೋಣಿಯಲ್ಲಿದ್ದಾಳೆ. ಶುಕ್ರವಾರ ನಮ್ಮವರಿಗೆ ಆಫೀಸು, ಹಾಗಾಗಿ ಶನಿವಾರ ಬೆಳಿಗ್ಗೆ ಹೋಗೋಣ ಅಂತಿದ್ದೇವೆ. ಸಾಕಲ್ವಾ? ಊಟಕ್ಕೆ ಏನು ಒಯ್ಯಲಿ? ಊರಿಂದ ಮಾವ ಬಂದಿದ್ದಾರೆ, 74 ವರ್ಷ, ಮಂಡಿ ನೋವು. ಅವರೂ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಗಂಗೊಳ್ಳಿ ಹೊಳೆಯಲ್ಲಿ ದೋಣಿ ನಡೆಸಿದವರು, ಬೇಡ ಅನ್ನೋದು ಹೇಗೆ?

ಇನ್ನೊಂದು ವಿಷಯ. ಎರಡು ವಾರದಿಂದ ಮಗಳು ರಾತ್ರಿ ಸರಿಯಾಗಿ ಊಟ ಮಾಡ್ತಿಲ್ಲ. ಕೇಳಿದರೆ "ಕಾಕ್ಸ್ ಹಗುರ ಇರಬೇಕು" ಅಂತಾಳೆ. ನನಗೆ ಇದೇ ಜಾಸ್ತಿ ಚಿಂತೆ.

ಚಪ್ಪಲಿ ಡ್ಯೂಟಿ:

ಮೇಡಂ, ಶನಿವಾರ ಮಾತ್ರ ಹೋಗುವ ಯೋಚನೆ ಮೊದಲು ಬಿಡಿ. ಶುಕ್ರವಾರ ಟೈಮ್ ಟ್ರಯಲ್. ದೋಣಿಗಳನ್ನು ಒಂದರ ಹಿಂದೆ ಒಂದು ಬಿಟ್ಟು ಗಡಿಯಾರ ನೋಡುತ್ತಾರೆ. ಕಡಿಮೆ ಸಮಯ ತೆಗೆದುಕೊಂಡವರಿಗಷ್ಟೇ ಮುಂದಿನ ಸುತ್ತು. ಉಳಿದವರು ಅವತ್ತೇ ಗಂಟುಮೂಟೆ ಕಟ್ಟುತ್ತಾರೆ. ನನ್ನ ಮಗ 4 ವರ್ಷ ಹೋದ, ಅದರಲ್ಲಿ 3 ವರ್ಷ ಶುಕ್ರವಾರವೇ ಮುಗಿದುಹೋಯಿತು. ಮೊದಲ ವರ್ಷ ನಾನೂ ಶನಿವಾರ ಅಂದುಕೊಂಡೇ ಶುಕ್ರವಾರ ರಾತ್ರಿ ಹೋಟೆಲಿಗೆ ಬಂದಿಳಿದೆ. ಇವನು ರೂಮಲ್ಲಿ ಕೂತು ಪಿಜ್ಜಾ ತಿಂತಿದ್ದ. "ಆಯ್ತು ಅಮ್ಮ" ಅಂದ. ಅಷ್ಟೇ.

ಎರಡನೇ ವರ್ಷ ಇನ್ನೂ ಚೆಂದ. ಫೋನಿನ ಮ್ಯಾಪ್ ನಂಬಿಕೊಂಡು ನದಿಯ ಪಶ್ಚಿಮ ದಡಕ್ಕೆ ಹೋದೆ. ಗ್ರ್ಯಾಂಡ್‌ಸ್ಟ್ಯಾಂಡ್, ಟೆಂಟು, ಜನ ಎಲ್ಲ ಇರುವುದು ಪೂರ್ವದ ಕೆಲ್ಲಿ ಡ್ರೈವ್ ರಸ್ತೆ ಕಡೆ. ಸ್ಕೂಲ್‌ಕಿಲ್ ನದಿ ಮಧ್ಯೆ. ಸ್ಟ್ರಾಬೆರಿ ಮ್ಯಾನ್ಶನ್ ಸೇತುವೆ ಹತ್ತಿ ಆಚೆ ಹೋಗುವಷ್ಟರಲ್ಲಿ ಮಗನ ದೋಣಿ ಸೇತುವೆ ಕೆಳಗೇ ಹಾದು ಹೋಯಿತು. ನನಗೆ ಕಂಡದ್ದು ಅವರ ನೆತ್ತಿ.

ರೆಗಾಟ ಅಂದರೆ ಈ ದೋಣಿ ಸ್ಪರ್ಧೆ. ಆ ದಿನ ಕೆಲ್ಲಿ ಡ್ರೈವಿಗೆ ಕಾರು ಬಿಡುವುದಿಲ್ಲ. ದೂರ ಎಲ್ಲಾದರೂ ನಿಲ್ಲಿಸಬೇಕು. ಮಾವನವರನ್ನು ಎಲ್ಲಿ ಇಳಿಸಬಹುದು ಅಂತ ತಂಡದ ಪೋಷಕರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮಡಚುವ ಕುರ್ಚಿ ಒಂದು ಇರಲಿ. ಓಟ ಮುಗಿಯುವ ಕಡೆಯೇ ಕೂರಿಸಿ. 1500 ಮೀಟರು, ಐದಾರು ನಿಮಿಷದ ಆಟ. ಅಲ್ಲಿ ಕೂತರೆ ಕಾಣುವುದು ಕೊನೆಯ ಒಂದು ನಿಮಿಷ. ಅದಕ್ಕೆ ಇಡೀ ದಿನ ಕಾಯಬೇಕು, ಮೊದಲೇ ಹೇಳಿಬಿಡಿ. ಮಳೆ ಬಂದು ನದಿ ಏರಿದರೆ ವೇಳಾಪಟ್ಟಿಯೇ ಬದಲಾಗುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಮೆಸೇಜ್ ನೋಡಿ.

ಊಟ. ನಾನು ಹುರುಪಿನಲ್ಲಿ ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಒಯ್ದಿದ್ದೆ. ತಂಡದಲ್ಲಿ ಒಬ್ಬ ಹುಡುಗನಿಗೆ ಕಡ್ಲೆಕಾಯಿ ಅಲರ್ಜಿ. ಡಬ್ಬಿ ಮುಚ್ಚಳ ತೆಗೆಯೋಕೂ ಬಿಡಲಿಲ್ಲ. ಹಾಗೇ ಕಾರಿಗೆ ವಾಪಸ್. ರೇಸಿಗೆ ಮುಂಚೆ ಹೊಸ ರುಚಿ ಏನೂ ಬೇಡ. ಬಾಳೆಹಣ್ಣು, ಬ್ರೆಡ್ಡು, ದಿನಾ ತಿನ್ನುವುದೇ ಇರಲಿ. ಮೊಸರನ್ನ ಮುಗಿದ ಮೇಲೆ. ನನ್ನ ಮಗ ಒಂದೂವರೆ ಡಬ್ಬಿ ಹೊಡೆದ ದಿನವೂ ಇದೆ.

ಇನ್ನು ನನ್ನ ಹೆಸರಿನ ಕಥೆ. ಎಂಟರ ದೋಣಿ ಸುಮಾರು 60 ಅಡಿ ಉದ್ದ. ಮಕ್ಕಳೇ ಹೆಗಲ ಮೇಲೆ ಹೊತ್ತು ಡಾಕಿಗೆ, ಅಂದರೆ ನೀರಿನ ಅಂಚಿನಲ್ಲಿ ದೋಣಿ ಹತ್ತುವ ಕಟ್ಟೆಗೆ, ತರುತ್ತಾರೆ. ದೋಣಿಯೊಳಗೆ ಕಾಲಿಡಲು ಶೂ ಅಲ್ಲೇ ಬಿಗಿದಿರುತ್ತೆ. ಆದ್ದರಿಂದ ಹಾಕಿಕೊಂಡು ಬಂದ ಚಪ್ಪಲಿಗಳನ್ನು ಡಾಕಿನ ಮೇಲೆ ಒದರಿ ಹತ್ತಿಬಿಡುತ್ತಾರೆ. ಹಿಂದೆ ಮುಂದಿನ ದೋಣಿಯವರು ಕಾಯುತ್ತಿರುತ್ತಾರೆ, ಒಂದೆರಡು ನಿಮಿಷದಲ್ಲಿ ಜಾಗ ಖಾಲಿ ಮಾಡಬೇಕು. ಯಾರಾದರೂ ದೊಡ್ಡ ಚೀಲ ಹಿಡಿದು ಆ ಚಪ್ಪಲಿ ಬಾಚಿಕೊಂಡು, ಅವರು ಬಂದಿಳಿಯುವ ಕಡೆ ನಿಂತಿರಬೇಕು. ಇಲ್ಲದಿದ್ದರೆ ಮೇ ತಿಂಗಳ ಬಿಸಿಲಲ್ಲಿ ದೋಣಿ ಹೊತ್ತು ಬರಿಗಾಲಲ್ಲಿ ಜಲ್ಲಿ ಮೇಲೆ ನಡೀತಾರೆ. ನಾನು ಈ ಕೆಲಸಕ್ಕೆ ಸೇರಿದ್ದು ಮೂರನೇ ವರ್ಷ. ಕೆಲಸ ಏನೋ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವರದ್ದೇ. ಆದರೆ ರೇಸಿಗೆ ಮುಂಚೆ, ರೇಸಾದ ಮೇಲೆ ಮಗನ ಮುಖ ಹತ್ತಿರದಿಂದ ಕಾಣುವುದು ಈ ಡ್ಯೂಟಿಯವರಿಗೆ ಮಾತ್ರ. ನೀವು ಈಗಲೇ ಹೆಸರು ಕೊಡಿ, ಜನ ಸಿಗ್ತಾ ಇರೋದಿಲ್ಲ.

ಹಳೇ ಕಾಕ್ಸ್:

ಆಂಟಿ, ನಾನೀಗ ಕಾಲೇಜಲ್ಲಿದ್ದೀನಿ, ಹೈಸ್ಕೂಲಲ್ಲಿ ಮೂರು ವರ್ಷ ಕಾಕ್ಸ್ ಆಗಿದ್ದೆ. ಊಟದ ವಿಷಯ ಇವತ್ತೇ ಮಾತಾಡಿ. ಕಾಕ್ಸ್‌ಗೆ ತೂಕದ ಮಿತಿ ಅಂದರೆ ಇದಕ್ಕಿಂತ ಕಡಿಮೆ ಇರಬಾರದು ಅಂತ, ಜಾಸ್ತಿ ಇರಬಾರದು ಅಂತ ಅಲ್ಲ. ತೂಕ ನೋಡುವ ರೇಸುಗಳಲ್ಲಿ ಕಡಿಮೆ ಬಂದರೆ ಮರಳಿನ ಚೀಲ ಕೊಟ್ಟು ದೋಣಿಯಲ್ಲಿ ಇಡಿಸುತ್ತಾರೆ. ನಾನು ಉಪವಾಸ ಬಿದ್ದು ಇಳಿಸಿದ ತೂಕವನ್ನ ಮರಳು ಮಾಡಿ ಕಾಲ ಹತ್ತಿರ ಇಟ್ಟುಕೊಂಡು ಹೋಗಿದ್ದೀನಿ. ಸುಮ್ನೆ ಹಸಿವು. ಅವಳಿಗೆ ಇದನ್ನ ನೇರವಾಗಿ ಓದಿ ಹೇಳಿ. ಆದರೂ ಊಟ ಬಿಡ್ತಿದ್ದರೆ ಕೋಚ್‌ಗೂ ಡಾಕ್ಟರಿಗೂ ತಿಳಿಸಿ, ಮುಚ್ಚಿಡಬೇಡಿ.

ಹಿಂದಿನ ರಾತ್ರಿ ಕಾಕ್ಸ್ ಬಾಕ್ಸ್ ಚಾರ್ಜ್ ಆಗಿದೆಯಾ ನೋಡಲಿ. ಅದು ತಲೆಗೆ ಕಟ್ಟಿಕೊಳ್ಳುವ ಮೈಕಿನ ಡಬ್ಬಿ. ಅದು ಸತ್ತರೆ ಮುಂದೆ ಕೂತವರಿಗೆ ಒಂದು ಅಕ್ಷರವೂ ಕೇಳಿಸೋಲ್ಲ. ನನಗೆ ಒಂದು ಸಲ ಅರ್ಧ ದಾರಿಯಲ್ಲಿ ಆಯ್ತು, ಆಮೇಲೆ ಮೂರು ದಿನ ಗಂಟಲಿಲ್ಲ.

ಯಾರದ್ದಾದರೂ ಹುಟ್ಟು ನೀರಲ್ಲಿ ಸಿಕ್ಕಿಕೊಂಡರೆ "ಏಡಿ ಹಿಡಿದರು" ಅಂತಾರೆ ಇಲ್ಲಿ. ದೋಣಿ ನಿಂತೇ ಹೋಗಬಹುದು. ಅಂಥಾ ದಿನ ಕಾಕ್ಸ್‌ಗೆ ಎಲ್ಲ ತನ್ನದೇ ತಪ್ಪು ಅನ್ನಿಸುತ್ತೆ. ಇಳಿದ ತಕ್ಷಣ "ಎಷ್ಟನೇ ಸ್ಥಾನ" ಅಂತ ಕೇಳಬೇಡಿ, ನೀರು ಕೊಡಿ. ಮತ್ತೆ ಒಂದು ಜೊತೆ ಬಟ್ಟೆ ಜಾಸ್ತಿ ಇಡಿ. ಗೆದ್ದರೆ ಕಾಕ್ಸನ್ನು ನೀರಿಗೆ ಎಸೆಯುವ ರೂಢಿ ಇದೆ. ಎಲ್ಲ ಕಡೆ ಬಿಡೋಲ್ಲ, ಆದರೂ ಇರಲಿ.

ಕಾವೇರಿ ಕಡೆಯವ:

ಹಿರಿಯರಿಗೆ ಒಂದು ಗುರುತು ಹೇಳ್ತೀನಿ. ಗ್ರ್ಯಾಂಡ್‌ಸ್ಟ್ಯಾಂಡ್ ಹತ್ತಿರ ದೋಣಿಯಲ್ಲಿ ಹುಟ್ಟು ಹಿಡಿದು ಕೂತವರ ಪ್ರತಿಮೆ ಇದೆ. ಜಾನ್ ಕೆಲ್ಲಿ, ಇಟ್ಟಿಗೆ ಕೆಲಸದಿಂದ ಮೇಲೆ ಬಂದವರು. 1920ರ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ, 1924ರಲ್ಲಿ ಇನ್ನೊಂದು. ಸಿನಿಮಾ ನಟಿ ಗ್ರೇಸ್ ಕೆಲ್ಲಿಯ ತಂದೆ. ರಸ್ತೆಯ ಹೆಸರು ಮಾತ್ರ ಇವರದಲ್ಲ, ಮಗನದ್ದು. ತಪ್ಪಿಸಿಕೊಂಡರೆ ಅಲ್ಲಿಗೆ ಬನ್ನಿ ಅಂತ ಹೇಳಿಡಿ. ಆ ಗದ್ದಲದಲ್ಲಿ ಫೋನ್ ನಂಬಬೇಡಿ.

ಗಂಗೊಳ್ಳಿ ಸೊಸೆ:

ಹೋಗಿ ಬಂದೆವು, ಅದಕ್ಕೇ ಮತ್ತೆ ಬರೀತಿದ್ದೀನಿ. ಮರಳಿನ ಚೀಲದ ಸಾಲು ಓದಿ ಹೇಳಿದ್ದಕ್ಕೆ ಮಗಳು ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಎರಡು ಚಪಾತಿ ತಿಂದಳು, ಮಾರನೇ ದಿನ ಮೂರು. ಕೋಚ್‌ಗೂ ಹೇಳಿದ್ದೀನಿ.

ನಮ್ಮವರು ಶುಕ್ರವಾರ ರಜೆ ಹಾಕಿದರು. ಬೆಳಿಗ್ಗೆ ನಾಲ್ಕಕ್ಕೇ ಹೊರಟೆವು. ಒಳ್ಳೆಯದೇ ಆಯ್ತು, ಯಾಕಂದರೆ ಇವರ ದೋಣಿ ಶುಕ್ರವಾರವೇ ಮುಗಿಸಿತು. ಮಧ್ಯದಲ್ಲಿ ಒಬ್ಬಳು ಏಡಿ ಹಿಡಿದಳಂತೆ.

ಮಾವ ಕುರ್ಚಿಯಲ್ಲಿ ಕೂರಲೇ ಇಲ್ಲ. ಬೇಲಿ ಹಿಡಿದು ನಿಂತು, ಒಂದೊಂದು ದೋಣಿ ಹೋದಾಗಲೂ ಒಂದೇ ತಕರಾರು: "ಹಿಂದ್ ತಿರ್ಗಿ ಕೂಕಂಡ್ ಹೋಪುದ್ ಎಂತಕೆ ಮಾರಾಯ್ತಿ?" ಮಗಳ ದೋಣಿ ಬಂದಾಗ ಸುಮ್ಮನಾದರು. ಎಂಟು ಜನರ ಬೆನ್ನು ಮುಂದಕ್ಕೆ, ಇವಳ ಮುಖ ಒಂದೇ ಮುಂದಕ್ಕೆ. "ಇವ್ಳೊಬ್ಳಿಗೆ ದಾರಿ ಕಾಂಬುದ್" ಅಂದರು. ಆಮೇಲೆ ಸಂಜೆವರೆಗೆ ಅದನ್ನೇ ಎಲ್ಲರಿಗೂ ಹೇಳ್ತಿದ್ದರು, ಕನ್ನಡ ಬಾರದವರಿಗೂ.

ನಾನು ಚಪ್ಪಲಿ ಡ್ಯೂಟಿ ತಗೊಂಡಿದ್ದೆ. ಇಳಿದು ಬಂದಾಗ ಮಗಳು ಅಳಲಿಲ್ಲ, ಏಡಿ ಹಿಡಿದ ಹುಡುಗಿ ಅಳ್ತಿದ್ದಳು, ಇವಳು ಅವಳ ಬೆನ್ನು ಸವರ್ತಿದ್ದಳು. ನಾನು ಏನೂ ಕೇಳದೆ ನೀರು ಕೊಟ್ಟು ಚೀಲ ಸುರಿದೆ. ಒಂಬತ್ತು ಜನ, ಚಪ್ಪಲಿ ಹದಿನೇಳು. ಮಗಳು ಮನೆಗೆ ಬಂದದ್ದು ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಅವಳ ಅಪ್ಪನದು ಹಾಕಿಕೊಂಡು.