ಮೂರು ವರ್ಷದ ಮಗಳಿಗೆ ಮಾಂಟೆಸ್ಸರಿನಾ, ವಾಲ್ಡಾರ್ಫಾ?

ಪ್ರಶ್ನೆ:
ಮಗಳಿಗೆ ಮೂರು ತುಂಬಿತು. ಮೂರು ಶಾಲೆ ನೋಡಿ ಬಂದೆವು, ತಲೆ ಕೆಟ್ಟು ಹೋಗಿದೆ. ಒಂದು ಮಾಂಟೆಸ್ಸರಿ, ಒಂದು ವಾಲ್ಡಾರ್ಫ್, ಇನ್ನೊಂದರಲ್ಲಿ ಈಗಿನಿಂದಲೇ ಅಕ್ಷರ ತಿದ್ದಿಸುತ್ತಾರೆ, ಹೋಮ್‌ವರ್ಕ್ ಬೇರೆ. ಅವಳಿಗೆ ಮಾತು ಕಡಿಮೆ, ಹೊಸಬರನ್ನು ಕಂಡರೆ ನನ್ನ ಕಾಲು ತಬ್ಬಿಕೊಂಡು ಬಿಡುವುದೇ ಇಲ್ಲ. ಮನೆಯಲ್ಲಿ ದೊಡ್ಡವರು ಬರೆಯೋದು ಬೇಗ ಕಲಿಯಲಿ ಅಂತಾರೆ. ನನಗೆ ಅವಳು ಖುಷಿಯಾಗಿ ಹೋಗಿ ಬಂದರೆ ಸಾಕು. ಈ ಪದ್ಧತಿಗಳಲ್ಲಿ ನಿಜವಾಗ್ಲೂ ಅಷ್ಟು ವ್ಯತ್ಯಾಸ ಇದೆಯಾ?

ಉತ್ತರ 1:
ಇದೆ. ನಾನು ಎಂಟು ವರ್ಷ ಮಾಂಟೆಸ್ಸರಿ ಟೀಚರ್ ಆಗಿದ್ದೆ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ್ದು ಇದು. ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುತ್ತಾರೆ, ಏನು ಮಾಡಬೇಕು ಅಂತ ಮಗುವೇ ಆರಿಸಿಕೊಳ್ಳುತ್ತದೆ. ಅಕ್ಷರ ಇಲ್ಲ ಅಂತಲ್ಲ. ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತಾ ಆಡುತ್ತಾ ಕಲಿಯುತ್ತವೆ, ಪೆನ್ಸಿಲ್ ಆಮೇಲೆ. ಮನೆಯ ದೊಡ್ಡವರಿಗೆ ಇದನ್ನು ತೋರಿಸಿ, ಅರ್ಧ ಚಿಂತೆ ಹೋಗುತ್ತೆ. ಆದರೆ ಒಂದು ಮಾತು: ಮಾಂಟೆಸ್ಸರಿ ಅನ್ನೋ ಹೆಸರನ್ನು ಬಹುತೇಕ ಕಡೆ ಯಾರು ಬೇಕಾದರೂ ಬೋರ್ಡಿಗೆ ಹಾಕಿಕೊಳ್ಳಬಹುದು. ಟೀಚರ್‌ಗೆ ಯಾವ ತರಬೇತಿ ಆಗಿದೆ, ಬೆಳಗ್ಗೆ ಮಕ್ಕಳನ್ನು ಅವರು ಆರಿಸಿಕೊಂಡ ಕೆಲಸದಲ್ಲಿ ನಡುವೆ ತಡೆಯದೆ ಎಷ್ಟು ಹೊತ್ತು ಬಿಡುತ್ತಾರೆ ಅಂತ ಕೇಳಿ. ಮೂರು ಗಂಟೆ ಹತ್ತಿರ ಇರಬೇಕು. ಅರ್ಧ ಗಂಟೆಗೊಂದು ಪೀರಿಯಡ್ ಇದ್ದರೆ ಅದು ಹೆಸರಿಗೆ ಮಾತ್ರ.

ಉತ್ತರ 2:
ನನ್ನ ಮಗ ವಾಲ್ಡಾರ್ಫ್‌ಗೆ ಹೋದ. ಅವನೂ ಇದೇ ಥರ ಅಂಜುತ್ತಿದ್ದ. ಅಲ್ಲಿ ದಿನವೂ ಅದೇ ಕ್ರಮ: ಹಾಡು, ಆಟ, ಕಥೆ, ಊಟ. ಮುಂದೆ ಏನು ಅಂತ ಗೊತ್ತಿರೋದರಿಂದ ಎರಡು ವಾರದಲ್ಲೇ ಅಳು ನಿಂತಿತು. ಆದರೆ ಓದು ಬರಹ ಶುರುವಾಗೋದು ಏಳು ವರ್ಷದ ಹೊತ್ತಿಗಷ್ಟೇ. ನಡುವೆ ಬೇರೆ ಶಾಲೆಗೆ ಬದಲಾಯಿಸೋ ಯೋಚನೆ ಇದ್ದರೆ ಕಷ್ಟ ಆಗಬಹುದು. ನಾವು ಮನೆ ಬದಲಾಯಿಸಿದಾಗ ಅವನು ಆರು ತಿಂಗಳು ತುಂಬ ಒದ್ದಾಡಿದ.

ಉತ್ತರ 3:
ಪದ್ಧತಿಗಿಂತ ಟೀಚರ್ ಮುಖ್ಯ ಅಂತ ನನ್ನ ಅನುಭವ. ಒಂದು ಗಂಟೆ ಮೂಲೆಯಲ್ಲಿ ಸುಮ್ನೆ ಕೂತು ನೋಡೋಕೆ ಬಿಡ್ತೀರಾ ಅಂತ ಕೇಳಿ. ನಾವು ಕೂತ ದಿನ ಒಂದು ಮಗು ಜಗ್ ಎತ್ತೋಕೆ ಹೋಗಿ ನೀರೆಲ್ಲ ಚೆಲ್ಲಿತು. ಟೀಚರ್ ಬೈಯಲಿಲ್ಲ, ಓಡಿ ಬಂದು ಒರೆಸಲೂ ಇಲ್ಲ. ಬಟ್ಟೆ ಎಲ್ಲಿದೆ ಅಂತ ತೋರಿಸಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಮಗು ಒರೆಸಿ, ಬಟ್ಟೆ ಹಿಂಡಿ, ಮತ್ತೆ ಜಗ್ ಎತ್ತಿತು. ಅಲ್ಲೇ ಸೇರಿಸಿದೆವು. ಮೂರು ವರ್ಷಕ್ಕೆ ಹೋಮ್‌ವರ್ಕ್ ಕೊಡೋ ಶಾಲೆ ಮಾತ್ರ ಬೇಡ, ಆ ಬೆರಳುಗಳಿಗೆ ಇನ್ನೂ ಅಷ್ಟು ಬಲ ಬಂದಿರಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತೇ ಮಾಂಟೆಸ್ಸರಿಗೆ ಫೋನ್ ಮಾಡಿದೆ, ಗುರುವಾರ ಬೆಳಗ್ಗೆ ಬಂದು ಕೂರಿ ಅಂದರು. ಮಗಳನ್ನೂ ಕರೆದುಕೊಂಡು ಹೋಗ್ತೀನಿ.