2010ರಲ್ಲಿ ಆ ಪಟ್ಟ ಮುಗಿಯಿತೇ, ಹೆಸರು ಬದಲಾಯಿತೇ? ಮೆಕ್ಸಿಕೊದ ಮಿಡಲ್‌ವೇಟ್ ಬೆಲ್ಟಿನ ಬಗ್ಗೆ ಚರ್ಚೆ

ಟ್ರಂಪ್‌ಕಾರ್ಡ್ ಹುಡುಗ
ಮೆಕ್ಸಿಕೊದ ಕುಸ್ತಿ ಲುಚಾ ಲಿಬ್ರೆಯ ಮಿಡಲ್‌ವೇಟ್ ವಿಶ್ವ ಪಟ್ಟ ಯಾರಿಂದ ಯಾರಿಗೆ ಹೋಯಿತು ಎಂದು ಕನ್ನಡದಲ್ಲಿ ಒಂದು ಪಟ್ಟಿ ಬರೆಯಲು ಕೂತಿದ್ದೇನೆ. 1939ರಲ್ಲಿ ಒಕ್ತಾವಿಯೊ ಗಾವೊನ ಅಮೆರಿಕದ ಗಸ್ ಕ್ಯಾಲಿಯೊನನ್ನು ಸೋಲಿಸಿ ಆ ಪಟ್ಟವನ್ನು ಮೆಕ್ಸಿಕೊ ಸಿಟಿಗೆ ತಂದ. ಆಮೇಲೆ ಟಾರ್ಜಾನ್ ಲೋಪೆಸ್, ಎಲ್ ಸಾಂತೊ, ರೊಲಾಂದೊ ವೆರಾ, ರೆನೆ ಗುವಾಹಾರ್ದೊ, ಪೆರೊ ಅಗ್ವಾಯೊ... ಬರೆಯುತ್ತ ಹೋದ ಹಾಗೆ ಮೈ ಜುಮ್ಮೆನ್ನುತ್ತಿತ್ತು. 2010ರ ಆಗಸ್ಟ್ 12ಕ್ಕೆ ಬಂದು ಪೆನ್ನು ನಿಂತಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಬೆಲ್ಟಿನ ಮೇಲೆ ಎನ್‌ಡಬ್ಲ್ಯುಎ, ಅಂದರೆ ಅಮೆರಿಕದ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಹೆಸರಿತ್ತು. ಅದನ್ನು ನಡೆಸುತ್ತಿದ್ದದ್ದು 1933ರಲ್ಲಿ ಸಾಲ್ವದೊರ್ ಲುತ್ತೆರೋತ್ ಕಟ್ಟಿದ ಮೆಕ್ಸಿಕೊದ ಕುಸ್ತಿ ಕಂಪನಿ ಇಎಂಎಲ್‌ಎಲ್. ಆ ಕಂಪನಿ 1990ರ ದಶಕದ ಆರಂಭದಲ್ಲಿ ಸಿಎಂಎಲ್‌ಎಲ್ ಎಂದು ಹೆಸರು ಬದಲಿಸಿಕೊಂಡಿತು. ಅಲಯನ್ಸ್ ಜೊತೆಗಿನ ನಂಟು 1980ರ ದಶಕದ ಕೊನೆಗೇ ಕಡಿದಿತ್ತು, ಬೆಲ್ಟುಗಳು ಮಾತ್ರ ಇವರ ಹತ್ತಿರವೇ ಉಳಿದವು. 2010ರಲ್ಲಿ ಎನ್‌ಡಬ್ಲ್ಯುಎ ಮೆಕ್ಸಿಕೊದ ಅಧ್ಯಕ್ಷ ಬ್ಲೂ ಡೀಮನ್ ಜೂನಿಯರ್, ನಮ್ಮ ಹೆಸರಿನ ಪಟ್ಟ ನಮಗೆ ಬಿಟ್ಟುಕೊಡಿ ಎಂದರು. ಸಿಎಂಎಲ್‌ಎಲ್ ಹಳೆಯದನ್ನು ಬಿಟ್ಟಿತು. ಆಗ ಮಿಡಲ್‌ವೇಟ್ ಚಾಂಪಿಯನ್ ಆಗಿದ್ದವನು ಅವೆರ್ನೊ. ಆಗಸ್ಟ್ 12ರಂದು ಅದೇ ಅವೆರ್ನೊನ ಸೊಂಟಕ್ಕೆ ಹೊಸ ಬೆಲ್ಟ್ ಕಟ್ಟಿದರು. ಅದಕ್ಕೆ ಇಟ್ಟ ಹೆಸರು 'ಎನ್‌ಡಬ್ಲ್ಯುಎ ವಿಶ್ವ ಐತಿಹಾಸಿಕ ಮಿಡಲ್‌ವೇಟ್ ಪಟ್ಟ'.

ಇದು ಅದೇ ಪಟ್ಟ ಎಂಬುದು ನನ್ನ ನಿಲುವು. ಕಂಪನಿ ಅದೇ, ಅಖಾಡ ಅದೇ, ಚಾಂಪಿಯನ್ ಅವನೇ. ನನ್ನ ಪಟ್ಟಿ ಗೆರೆ ಎಳೆಯದೆ ಮುಂದುವರಿಯಬೇಕು. ಏನಂತೀರಿ?

ಪಟ್ಟಿಗಾರ
ಒಪ್ಪುವುದಿಲ್ಲ. ಪಟ್ಟ ಅಂದರೆ ಚರ್ಮ, ಹಿತ್ತಾಳೆ ಅಲ್ಲ, ಯಾರೋ ಕೊಟ್ಟ ಮನ್ನಣೆ. ಕೊಟ್ಟವರು ವಾಪಸ್ ಕೇಳಿದರು, ಇವರು ಬಿಟ್ಟರು. ಅಲ್ಲಿಗೆ ಒಂದು ಸಾಲು ಮುಗಿಯಿತು. 2010ರ ಆಗಸ್ಟ್ 12ರಿಂದ ಶುರುವಾದದ್ದು ಇನ್ನೊಂದು. ಐತಿಹಾಸಿಕ ಎಂದು ಹೆಸರಿಟ್ಟ ಮಾತ್ರಕ್ಕೆ ಇತಿಹಾಸ ಅದರ ಜೊತೆ ಬರುವುದಿಲ್ಲ. ಸಾಲದ್ದಕ್ಕೆ ಅಲಯನ್ಸ್‌ನ ಮಾನ್ಯತೆ ಇಲ್ಲದೆಯೂ ಅದರ ಹೆಸರು ಹೊಸ ಬೆಲ್ಟಿನ ಮೇಲೆ ಉಳಿದುಕೊಂಡಿತು. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಿಮ್ಮ ಪಟ್ಟಿಯನ್ನು ನಾಳೆ ಒಬ್ಬ ಹೈಸ್ಕೂಲ್ ಹುಡುಗ ಓದುತ್ತಾನೆ. 1939ರಿಂದ ಇವತ್ತಿನವರೆಗೆ ಒಂದೇ ಪಟ್ಟ ಎಂದು ನಂಬುತ್ತಾನೆ. ಅವನಿಗೆ ನಾವು ಸುಳ್ಳು ಹೇಳಿದ ಹಾಗಾಗುತ್ತದೆ.

ಹುಲಿಮುಖವಾಡ
ಸ್ವಾಮಿ, ಒಂದು ತಾರೀಖು ನೋಡಿ. ಅಲಯನ್ಸ್ ಹುಟ್ಟಿದ್ದು 1948ರಲ್ಲಿ. ಗಾವೊನ ಕ್ಯಾಲಿಯೊನನ್ನು ಕೆಡವಿದ್ದು 1939ರಲ್ಲಿ. ಒಂಬತ್ತು ವರ್ಷ ಮೊದಲು! ಆಗ ಅಮೆರಿಕದಲ್ಲಿ ಇದ್ದದ್ದು ನ್ಯಾಷನಲ್ ರೆಸ್ಲಿಂಗ್ ಅಸೋಸಿಯೇಷನ್ ಎಂಬ ಬೇರೆಯೇ ಸಂಸ್ಥೆ, ಬಾಕ್ಸಿಂಗ್ ಅಸೋಸಿಯೇಷನ್ನಿನ ಕವಲು. ಅಲಯನ್ಸ್ ಹೆಸರು ಈ ಬೆಲ್ಟಿಗೆ ಅಂಟಿದ್ದು 1950ರ ದಶಕದಲ್ಲಿ, ಇಎಂಎಲ್‌ಎಲ್ ಸದಸ್ಯನಾದ ಮೇಲೆ. ಆಗ ಹೆಸರು ಬದಲಾದಾಗ ಯಾರೂ ಹೊಸ ಪಟ್ಟಿ ಶುರು ಮಾಡಲಿಲ್ಲ. ಅಂಟಿದಾಗ ಹೊಸ ಪಟ್ಟ ಆಗದಿದ್ದದ್ದು ಕಿತ್ತಾಗ ಹೇಗೆ ಆಗುತ್ತದೆ?

ಪಟ್ಟಿಗಾರ
ಇದು ಒಳ್ಳೆಯ ಪೆಟ್ಟು. ಒಂದು ಹೊತ್ತು ಯೋಚಿಸಿದೆ. 1950ರ ದಶಕದ ಬದಲಾವಣೆ ಇಬ್ಬರ ಒಪ್ಪಿಗೆಯಿಂದ ಆದದ್ದು. 2010ರದ್ದು ತಕರಾರಿನಿಂದ ಆದದ್ದು. ಒಪ್ಪಂದಕ್ಕೂ ಜಗಳಕ್ಕೂ ವ್ಯತ್ಯಾಸವಿದೆ. ಆದರೂ 'ಮನ್ನಣೆ ಕೊಟ್ಟವರು' ಎಂದು ನಾನು ಬರೆದದ್ದು ಆತುರವಾಯಿತು. ಅಲಯನ್ಸ್ ಈ ಪಟ್ಟವನ್ನು ಹುಟ್ಟಿಸಲಿಲ್ಲ, ದತ್ತು ತೆಗೆದುಕೊಂಡಿತು. ತಿದ್ದಿಕೊಳ್ಳುತ್ತೇನೆ.

ಗರಡಿಮನಿ
ನಾ ಬೆಳಗಾವಿ ಕಡೆಯಾವ. ಅಪ್ಪ ಮಟ್ಟಿಯೊಳಗ ಆಡಿದಾವ, ನಾನೂ ಒಂದಿಷ್ಟು ದಿನ ಸಾಮು ತಗದೇನಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಲುಚಾ ಲಿಬ್ರೆ ಒಳಗ ಯಾರು ಗೆಲ್ಲಬೇಕು ಅನ್ನೂದು ಮೊದಲ ನಿಗದಿ ಆಗಿರತೈತಿ ಅಲ್ಲೇನು? ನಮ್ಮ ಕಡೆ ನಿಕಾಲಿ ಕುಸ್ತಿಯೊಳಗ ಬೆನ್ನ ಮಣ್ಣಿಗಿ ಹತ್ತೂ ತನಕ ಬಿಡೂದಿಲ್ಲ, ಆಮ್ಯಾಲ ಬೆಳ್ಳಿ ಗದಾ. ನಿಗದಿ ಆದ ಆಟದ ಪಟ್ಟಕ್ಕ ಎಂಥಾ ಇತಿಹಾಸ?

ಗ್ವಾದಲಹಾರಾ ನಿವಾಸಿ
ಸರ್, ಸಿಟ್ಟಿಲ್ಲ, ಈ ಪ್ರಶ್ನೆ ಕೇಳಲೇಬೇಕಾದದ್ದು. ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದು ಐದು ವರ್ಷವಾಯಿತು. ಮಂಗಳವಾರ ಇಲ್ಲಿನ ಅರೇನಾ ಕೊಲಿಸೆಯೊಗೆ ಹೋಗುತ್ತೇನೆ. ನನಗೆ ಅರ್ಥವಾದದ್ದು ಹೇಳುತ್ತೇನೆ.

ಹೌದು, ಗೆಲುವು ಮೊದಲೇ ನಿಗದಿ. ಆದ್ದರಿಂದಲೇ ಇಲ್ಲಿ ಪಟ್ಟ ಎಂದರೆ ಒಂದು ಸಂಜೆಯ ಬಲಾಬಲ ಅಲ್ಲ. ಈ ಮನುಷ್ಯನ ಮೇಲೆ ಕಂಪನಿಯ ಭಾರ ಹೊರಿಸಬಹುದು ಎಂದು ನಡೆಸುವವರು ತೆಗೆದುಕೊಂಡ ತೀರ್ಮಾನ. ಆ ತೀರ್ಮಾನ ಸರಿಯೋ ತಪ್ಪೋ ಎಂದು ಹೇಳುವವರು ಟಿಕೆಟ್ ಕೊಂಡು ಬರುವ ಜನ. ಚಾಂಪಿಯನ್ನರ ಪಟ್ಟಿ ಓದಿದರೆ ಯಾವ ಕಾಲದಲ್ಲಿ ಮೆಕ್ಸಿಕೊದ ಜನ ಯಾರಿಗಾಗಿ ಮನೆ ಬಿಟ್ಟು ಬಂದರು ಎಂಬುದು ಕಾಣುತ್ತದೆ. ಮೈಗೆ ಬೀಳುವ ಏಟು ಮಾತ್ರ ನಿಗದಿಯದಲ್ಲ, ನಿಜ. ಹಗ್ಗದ ಮೇಲಿಂದ ಹೊರಗೆ ಹಾರಿದವನ ಎದೆ ಕಾಂಕ್ರೀಟಿಗೆ ತಾಗಿದ ಸದ್ದನ್ನು ಮೂರನೇ ಸಾಲಿನಲ್ಲಿ ಕೂತು ಕೇಳಿದ್ದೇನೆ.

ಇಲ್ಲಿ ಪಟ್ಟದ ಪಂದ್ಯ ನೋಡಿದರೆ ನಿಮಗೆ ಇಷ್ಟವಾಗಬಹುದು. ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕು, 'ದೊಸ್ ದೆ ತ್ರೆಸ್ ಕಾಯಿದಾಸ್'. ಮೊದಲ ಸುತ್ತು ಬಹಳ ಸಲ ನೆಲದ ಮೇಲಿನ ಪಟ್ಟುಗಳಲ್ಲೇ ಕಳೆಯುತ್ತದೆ. ಕೈ ಹಿಡಿ, ಕಾಲು ಹಿಡಿ, ಬಿಡಿಸಿಕೊಳ್ಳುವುದು. ಹಾರಾಟ ಆಮೇಲೆ. ಇನ್ನೊಂದು ವಿಷಯ, ಬೆಲ್ಟಿಗಿಂತ ಮುಖವಾಡ ದೊಡ್ಡದು ಇಲ್ಲಿ. 1952ರ ನವೆಂಬರ್ 7ರಂದು ಸಾಂತೊ ಪಣಕ್ಕಿಟ್ಟಿದ್ದ ಬ್ಲ್ಯಾಕ್ ಶ್ಯಾಡೊನ ಮುಖವಾಡ ಕಿತ್ತದ್ದನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ. ಕಳೆದುಕೊಂಡ ಬೆಲ್ಟನ್ನು ಮತ್ತೆ ಗೆಲ್ಲಬಹುದು, ಮುಖವಾಡ ಹೋದರೆ ಹೋಯಿತು.

ಗರಡಿಮನಿ
ಮೂರನೇ ಸಾಲಿನ ಮಾತು ಓದಿ ಅಪ್ಪನ ಕಿವಿ ನೆನಪಾತು. ಮಟ್ಟಿಯೊಳಗ ಉಜ್ಜಿ ಉಜ್ಜಿ ಗಂಟಾಗಿದ್ದು. ಹಿಂಗ ಬಿಡಿಸಿ ಹೇಳಿದ್ರ ತಿಳೀತೈತಿ. ಮುಂದ ನಡೀಲಿ, ನಾ ಕೇಳ್ಕೋತ ಇರ್ತೀನಿ. ತೂಕದ ಲೆಕ್ಕಾ ಹೆಂಗ ಅಲ್ಲಿ?

ಹುಲಿಮುಖವಾಡ
ಮಿಡಲ್‌ವೇಟ್ ಅಂದರೆ 82ರಿಂದ 87 ಕೆ.ಜಿ., ಲೈಟ್ ಹೆವಿವೇಟ್ 92ರಿಂದ 97. ಕಾಗದದ ಮೇಲೆ ಹೀಗೆ, ಕಟ್ಟುನಿಟ್ಟಾಗಿ ಪಾಲಿಸುವುದು ಕಡಿಮೆ. ಆದರೆ ಮೆಕ್ಸಿಕೊದ ಸೊಗಸು ಇರುವುದೇ ಈ ಹಗುರ ತೂಕಗಳಲ್ಲಿ. ಅಲಯನ್ಸ್ ಹೆವಿವೇಟ್ ಪಟ್ಟವನ್ನು ಅಮೆರಿಕದಲ್ಲಿ ಇಟ್ಟುಕೊಂಡಿತು. ವೆಲ್ಟರ್, ಮಿಡಲ್, ಲೈಟ್ ಹೆವಿ ಮೂರನ್ನೂ ಮೆಕ್ಸಿಕೊ ನೋಡಿಕೊಂಡಿತು. ಅಮೆರಿಕದಲ್ಲಿ ಆರಡಿ ನಾಲ್ಕಂಗುಲದವರಿಗೇ ಬೆಲೆ ಇದ್ದ ಕಾಲದಲ್ಲಿ ಮೆಕ್ಸಿಕೊದಲ್ಲಿ 85 ಕೆ.ಜಿ.ಯವನು ನಾಯಕ. ರೇ ಮಿಸ್ಟೀರಿಯೊನನ್ನು ಕೇಬಲ್ ಟಿವಿಯಲ್ಲಿ ನೋಡಿ ಬೆಳೆದ ನಮ್ಮ ಪೀಳಿಗೆ ಇದಕ್ಕೆ ಋಣಿ. ಎಡ್ಡಿ ಗೆರೆರೊನ ಅಪ್ಪ ಗೋರಿ ಗೆರೆರೊ ಲೈಟ್ ಹೆವಿವೇಟ್ ಪಟ್ಟ ಹೊತ್ತವನು, ಸಾಂತೊ ಜೊತೆ ಜೋಡಿಯಾಗಿ ಆಡಿದವನು.

ಮಿಡಲ್‌ವೇಟ್ ಬೆಲ್ಟ್ ಜಪಾನಿಗೂ ನಂಟು ಬೆಳೆಸಿತು. 1979ರಲ್ಲಿ ಸಾತೊರು ಸಾಯಾಮ ಎಂಬ ಹುಡುಗ ಮೆಕ್ಸಿಕೊದಲ್ಲಿದ್ದಾಗ ಅದನ್ನು ಗೆದ್ದ. ಎರಡು ವರ್ಷಕ್ಕೆ ಅವನೇ ಟೈಗರ್ ಮಾಸ್ಕ್ ಆದ. ನನ್ನ ಹೆಸರು ಅಲ್ಲಿಂದಲೇ. ಇನ್ನು ಜಪಾನಿನ ಮಲ್ಲ ಉಲ್ತಿಮೊ ಡ್ರ್ಯಾಗನ್. 1996ರಲ್ಲಿ ಎಂಟು ಬೆಲ್ಟುಗಳನ್ನು ಸೇರಿಸಿ ಮಾಡಿದ ಜೆ-ಕ್ರೌನ್ ಅವನ ಬಳಿ ಇತ್ತು, ಅದರೊಳಗೆ ಎನ್‌ಡಬ್ಲ್ಯುಎ ವೆಲ್ಟರ್‌ವೇಟ್ ಕೂಡ ಸೇರಿತ್ತು. ಒಂಬತ್ತನೆಯದು ನಮ್ಮ ಈ ಮಿಡಲ್‌ವೇಟ್. ಡಿಸೆಂಬರ್ 29ರಂದು ಡೀನ್ ಮಲೆಂಕೊನನ್ನು ಸೋಲಿಸಿ ಅಮೆರಿಕದ ಡಬ್ಲ್ಯುಸಿಡಬ್ಲ್ಯು ಕಂಪನಿಯ ಕ್ರೂಸರ್‌ವೇಟ್ ಪಟ್ಟ ಗೆದ್ದ. ಒಟ್ಟು ಹತ್ತು! ಗಮನಿಸಿ, ಆ ಹೊತ್ತಿಗೆ ಸಿಎಂಎಲ್‌ಎಲ್ ಅಲಯನ್ಸ್ ಬಿಟ್ಟು ವರ್ಷಗಳೇ ಆಗಿದ್ದವು. ಜಪಾನ್, ಅಮೆರಿಕ ಎರಡೂ ಕಡೆ ಆ ಬೆಲ್ಟನ್ನು ಹತ್ತರಲ್ಲಿ ಒಂದಾಗಿ ಎಣಿಸಿದರು. ಮನ್ನಣೆ ಅಂದರೆ ಇದಲ್ಲವೇ?

ಟ್ರಂಪ್‌ಕಾರ್ಡ್ ಹುಡುಗ
ನನ್ನ ಮಾತೂ ಇದೇ. ನಮ್ಮ ದಸರಾವನ್ನೇ ನೋಡಿ. ಅದೇ 2010ರಲ್ಲಿ ನಾವು 400ನೇ ದಸರಾ ಆಚರಿಸಿದೆವು, 1610ರ ಶ್ರೀರಂಗಪಟ್ಟಣದಿಂದ ಎಣಿಸಿ. ಊರು ಬದಲಾಯಿತು, ಅಂಬಾರಿಯಲ್ಲಿ ರಾಜರ ಬದಲು ಚಾಮುಂಡೇಶ್ವರಿ ಕೂತಳು, ಅರಮನೆಯ ಹಬ್ಬ ಸರ್ಕಾರದ ನಾಡಹಬ್ಬವಾಯಿತು. ಎಣಿಕೆ ಮಾತ್ರ ಒಂದೇ.

ಪಟ್ಟಿಗಾರ
ಹೋಲಿಕೆ ಚೆನ್ನಾಗಿದೆ, ಆದರೆ ಪೂರ್ತಿ ಕೂರುವುದಿಲ್ಲ. ದಸರಾದ ಹೆಸರು ನಮ್ಮದು, ನೀವು ಬಳಸಬೇಡಿ ಎಂದು ಹೊರಗಿನವರು ಯಾರೂ ಪತ್ರ ಬರೆಯಲಿಲ್ಲ. ಇಲ್ಲಿ ಬರೆದರು.

ಗ್ವಾದಲಹಾರಾ ನಿವಾಸಿ
ಯಾರ ಸ್ವತ್ತು ಎಂಬ ಪ್ರಶ್ನೆಗೆ ಮೆಕ್ಸಿಕೊದಲ್ಲೇ ಎರಡು ಬಗೆಯ ಉತ್ತರವಿದೆ. 'ಮೆಕ್ಸಿಕನ್ ರಾಷ್ಟ್ರೀಯ' ಪಟ್ಟಗಳು ಬೇರೆ ಇವೆ. ಅವುಗಳ ಒಡೆತನ ಕಂಪನಿಗಳದ್ದಲ್ಲ, ಮೆಕ್ಸಿಕೊ ಸಿಟಿಯ ಬಾಕ್ಸಿಂಗ್ ಮತ್ತು ಲುಚಾ ಆಯೋಗದ್ದು. ಮಲ್ಲರಿಗೆ ಲೈಸೆನ್ಸ್ ಕೊಡುವುದೂ ಆಯೋಗವೇ. 1992ರಲ್ಲಿ ಅಂತೋನಿಯೊ ಪೇನ್ಯಾ ಸಿಎಂಎಲ್‌ಎಲ್ ಬಿಟ್ಟು ಎಎಎ ಎಂಬ ಬೇರೆ ಕಂಪನಿ ಕಟ್ಟಿದಾಗ ಕೆಲವು ರಾಷ್ಟ್ರೀಯ ಪಟ್ಟಗಳು ಅವನ ಕಡೆ ಹೋದವು, ಆಯೋಗ ಒಪ್ಪಿತು. ಸಾಲು ಮುರಿಯಲಿಲ್ಲ.

ಎನ್‌ಡಬ್ಲ್ಯುಎ ಬೆಲ್ಟುಗಳ ಕಥೆ ತದ್ವಿರುದ್ಧ. 1975ರಲ್ಲಿ ರೇ ಮೆಂದೋಸ, ರೆನೆ ಗುವಾಹಾರ್ದೊ ಇಬ್ಬರೂ ಪ್ರಚಾರಕ ಫ್ರಾನ್ಸಿಸ್ಕೊ ಫ್ಲೋರೆಸ್ ಜೊತೆ ಸೇರಿ ಯುಡಬ್ಲ್ಯುಎ ಎಂಬ ಬೇರೆ ಕಂಪನಿ ಶುರು ಮಾಡಿದರು. ಮೆಂದೋಸ ಲೈಟ್ ಹೆವಿವೇಟ್ ಪಟ್ಟವನ್ನು ಐದು ಸಲ ಹೊತ್ತವನು, ಗುವಾಹಾರ್ದೊ ಮಿಡಲ್‌ವೇಟ್ ದೊರೆ. ಆಳಿದವರೇ ಎದ್ದು ಹೋದರೂ ಪಟ್ಟ ಅವರ ಹಿಂದೆ ಹೋಗಲಿಲ್ಲ. ಹೋದವರು ತಮಗೆ ಹೊಸ ಬೆಲ್ಟುಗಳನ್ನೇ ಮಾಡಿಸಿಕೊಂಡರು. ಪಟ್ಟ ಮನೆಯದ್ದು, ಅಂದರೆ ಕಂಪನಿಯದ್ದು ಎಂದು ಆವತ್ತು ಎಲ್ಲರೂ ಒಪ್ಪಿದರು, ಬಿಟ್ಟು ಹೋದವರೂ.

ಇದರಲ್ಲಿ ನನ್ನ ಮನಸ್ಸಿಗೆ ತಾಗುವುದು ಬ್ಲೂ ಡೀಮನ್ ಜೂನಿಯರ್. ಅವರ ಸಾಕುತಂದೆ ಮೊದಲ ಬ್ಲೂ ಡೀಮನ್. 1953ರ ಸೆಪ್ಟೆಂಬರ್ 25ರಂದು ಸಾಂತೊನಿಂದ ಎನ್‌ಡಬ್ಲ್ಯುಎ ವೆಲ್ಟರ್‌ವೇಟ್ ಪಟ್ಟ ಗೆದ್ದವರು. ಗೆಳೆಯ ಬ್ಲ್ಯಾಕ್ ಶ್ಯಾಡೊ ಮುಖವಾಡ ಕಳೆದುಕೊಂಡು ಇನ್ನೂ ಒಂದು ವರ್ಷವಾಗಿರಲಿಲ್ಲ. ಆ ಬೆಲ್ಟು ಇಷ್ಟು ದೊಡ್ಡದಾಗಿದ್ದರೆ ಅದರಲ್ಲಿ ಅಪ್ಪನ ಬೆವರಿದೆ. ಮಗ 2008ರಲ್ಲಿ ಆಡಮ್ ಪಿಯರ್ಸ್‌ನನ್ನು ಸೋಲಿಸಿ ಎನ್‌ಡಬ್ಲ್ಯುಎ ಹೆವಿವೇಟ್ ಚಾಂಪಿಯನ್ ಆದ, ಆ ಪಟ್ಟ ಹೊತ್ತ ಮೊದಲ ಮುಖವಾಡಧಾರಿ. ಅಂಥವನು ಇದು ನಮ್ಮದು ಎಂದು ಕೇಳಿದ್ದನ್ನು ಹೊರಗಿನವನ ತಕರಾರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಪಟ್ಟಿಗಾರ
ಅಮ್ಮಾ, ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. ಆ ಸ್ವತ್ತಿನಲ್ಲಿ ಎರಡು ಮನೆಗಳಿಗೂ ಹಕ್ಕಿದೆ. ಹಾಗಿದ್ದ ಮೇಲೆ ಒಂದು ಮನೆಗೆ ಮಾತ್ರ ಪೂರ್ತಿ ಇತಿಹಾಸ ಬರೆದುಕೊಡುವುದು ಅನ್ಯಾಯ. ಗೆರೆ ಎಳೆಯಲೇಬೇಕು.

ಹುಲಿಮುಖವಾಡ
ಗೆರೆ ಎಳೆದರೆ ಅವೆರ್ನೊನನ್ನು ಎಲ್ಲಿ ಇಡುತ್ತೀರಿ? ಗೆರೆಯ ಮೇಲಿನ ಕೊನೆಯ ಹೆಸರೂ ಅವನೇ, ಕೆಳಗಿನ ಮೊದಲ ಹೆಸರೂ ಅವನೇ. ವೆಲ್ಟರ್‌ವೇಟ್‌ನಲ್ಲಿ ಮೆಫಿಸ್ತೊನ ಕಥೆಯೂ ಹೀಗೇ. ಅವರಿಬ್ಬರೂ ಆವತ್ತು ಯಾರ ಕೈಯಲ್ಲೂ ಸೋಲಲಿಲ್ಲ, ಯಾರನ್ನೂ ಗೆಲ್ಲಲಿಲ್ಲ.

ಗರಡಿಮನಿ
ನಡುವ ಬಂದೆ. ನಮ್ಮ ಕಡೆ ಎರಡು ಗರಡಿ ಬ್ಯಾರೆ ಆದಾಗ ಮ್ಯಾಲಿನ ವಸ್ತಾದನ ಫೋಟೊ ಎರಡೂ ಕಡೆ ಹಾಕ್ತಾರ. ಅವನ ಕೆಳಗಿನ ಹೆಸರು ಅವರವರ ಪ್ರಕಾರ. ಮ್ಯಾಲಿನ ಫೋಟೊಕ್ಕ ಯಾರೂ ಜಗಳಾ ತಗಿಯೂದಿಲ್ಲ.

ಟ್ರಂಪ್‌ಕಾರ್ಡ್ ಹುಡುಗ
ಗರಡಿಮನಿ ಅಣ್ಣಾ, ನಿಮ್ಮ ಮಾತೇ ನನಗೆ ದಾರಿ ತೋರಿಸಿತು. ಹೀಗೆ ಬರೆಯುತ್ತೇನೆ. 1939ರಿಂದ 2010ರವರೆಗೆ ಒಂದು ಕಾಂಡ. ಅವೆರ್ನೊನ ಹೆಸರಿನ ಕೆಳಗೆ ಎರಡು ಕೊಂಬೆ: ಒಂದು ಸಿಎಂಎಲ್‌ಎಲ್‌ನ ಐತಿಹಾಸಿಕ ಪಟ್ಟ, ಇನ್ನೊಂದು ಎನ್‌ಡಬ್ಲ್ಯುಎ ವಾಪಸ್ ಪಡೆದ ಹೆಸರು. ಕೊಂಬೆ ಒಡೆದ ಜಾಗದಲ್ಲಿ ತಾರೀಖು, ಕಾರಣ ಎರಡನ್ನೂ ಬರೆಯುತ್ತೇನೆ. 1948ರ ಮೊದಲಿನ ಹೆಸರುಗಳ ಪಕ್ಕ ಹಳೆಯ ಅಸೋಸಿಯೇಷನ್ ಎಂದು ಹಾಕುತ್ತೇನೆ.

ಪಟ್ಟಿಗಾರ
ಕಾರಣ ಬರೆಯುವುದಾದರೆ ಅಡ್ಡಿಯಿಲ್ಲ. ಎಣಿಕೆಯ ಸಂಖ್ಯೆ ಮಾತ್ರ ಕೊಂಬೆಯಲ್ಲಿ 1ರಿಂದ ಶುರುವಾಗಬೇಕು. ಅದರಲ್ಲಿ ನಾನು ಬಗ್ಗುವುದಿಲ್ಲ.

ಟ್ರಂಪ್‌ಕಾರ್ಡ್ ಹುಡುಗ
ನಾನೂ ಬಗ್ಗುವುದಿಲ್ಲ. ಸಂಖ್ಯೆಯನ್ನೇ ಹಾಕದೆ ಬರೀ ಹೆಸರು, ತಾರೀಖು, ಅಖಾಡ ಬರೆದರೆ?

ಪಟ್ಟಿಗಾರ
ಆಗಬಹುದು. 1950ರ ದಶಕದ ಸಾಲುಗಳನ್ನು ನನಗೆ ಕಳಿಸಿ, ತಾರೀಖು ತಾಳೆ ನೋಡಿಕೊಡುತ್ತೇನೆ.

ಗ್ವಾದಲಹಾರಾ ನಿವಾಸಿ
ಸ್ಪ್ಯಾನಿಷ್ ಹೆಸರುಗಳ ಉಚ್ಚಾರಣೆ ನಾನು ತಿದ್ದುತ್ತೇನೆ. ಮಂಗಳವಾರ ನನ್ನ ಪಕ್ಕದ ಸೀಟಿನಲ್ಲಿ ಕೂರುವ ಅಜ್ಜನನ್ನು ಗುವಾಹಾರ್ದೊ ಬಗ್ಗೆ ಕೇಳಿಕೊಂಡು ಬರುತ್ತೇನೆ.